ರಾಗಿ ಬೀಸಿದ ಬೇಸಿಗೆಗಳು

ಬೇಸಿಗೆ ರಜೆ ಬಂತೆಂದರೆ ನಮ್ಮ ಗುಂಡ್ಲುಪೇಟೆ ಕಡೆ ಮಕ್ಕಳನ್ನು ಒಂದೋ ಅಜ್ಜಿ ಮನೆಗೆ ಕಳಿಸುತ್ತಿದ್ದರು, ಇಲ್ಲವೇ ಮಠಕ್ಕೆ ಬಿಡುತ್ತಿದ್ದರು. ಅದಕ್ಕೆ ಅರ್ಜಿಯಿಲ್ಲ, ಫೀಜಿಲ್ಲ, ಇಂಥ ದಿನ ಶುರು ಇಂಥ ದಿನ ಮುಗಿತಾಯ ಎಂಬ ಲೆಕ್ಕವೂ ಇಲ್ಲ. ಅಪ್ಪ ಹೆಗಲ ಮೇಲೊಂದು ರಾಗಿಯದೋ ಜೋಳದ್ದೋ ಚೀಲ ಹೊತ್ತು, ಕೈಯಲ್ಲಿ ಮಗನ ಬಟ್ಟೆಯ ಗಂಟು ಹಿಡಿದು ಬಂದು, ಮಠದ ಸ್ವಾಮಿಗಳ, ನಮ್ಮ ಬಾಯಲ್ಲಿ ಬುದ್ಧಿಯವರ, ಪಾದಕ್ಕೆ ಅಡ್ಡಬಿದ್ದು, "ಇವುನ್ನ ಒಸಿ ತಿದ್ದಿ ಬುದ್ಧಿ" ಅಂದರೆ ಮುಗಿಯಿತು. ಹೊತ್ತು ತರಲು ಮನೆಯಲ್ಲಿ ಏನೂ ಇಲ್ಲದವರು ಬರಿಗೈಲಿ ಬಂದರೂ ಮಲಗಲು ಅದೇ ಜಗುಲಿ, ಅದೇ ಚಾಪೆ. ಭರಣಿ, ಕೃತ್ತಿಕೆ ಮಳೆ ಬಿದ್ದು ಆರಂಬ ಶುರುವಾಗುವ ಹೊತ್ತಿಗೆ ಒಬ್ಬೊಬ್ಬರಾಗಿ ಅಪ್ಪಂದಿರು ಬಂದು ಕರೆದುಕೊಂಡು ಹೋಗುತ್ತಿದ್ದರು. ಹೊಲದಲ್ಲಿ ಕೈ ಬೇಕಾಗುತ್ತಿತ್ತಲ್ಲ.

ನಾನು ಹೇಳುತ್ತಿರುವುದು ಬಂಡೀಪುರದ ಕಾಡಂಚಿನ ಒಂದು ಸಣ್ಣ ಮಠದ ಮಾತು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಮುಂದೆ ಉದ್ದಕ್ಕೆ ಜಗುಲಿ, ಒಳಗೆ ಹಿಂದಿನ ಸ್ವಾಮಿಗಳ ಗದ್ದುಗೆ, ಹಿತ್ತಿಲಲ್ಲಿ ಸೇದುವ ಬಾವಿ, ಅದರ ಪಕ್ಕ ಬಿಲ್ವದ ಮರ. ಜಗುಲಿಯ ಮೇಲೆ ಕೂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತಿತ್ತು. ಬಯಲೆಲ್ಲ ಬಿಸಿಲಿಗೆ ಬೇಯುತ್ತಿರುವಾಗಲೂ ಅದರ ನೆತ್ತಿಯ ಮೇಲೆ ಒಂದು ತುಂಡು ಮಂಜು ಕೂತಿರುತ್ತಿತ್ತು. 1973ರಲ್ಲಿ ಹುಲಿ ಯೋಜನೆ ಬಂದು ಬಂಡೀಪುರ ಸಂರಕ್ಷಿತ ಕಾಡಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಆದರೂ ಊರಿಗೂ ಕಾಡಿಗೂ ನಡುವೆ ಕಂದಕವಿರಲಿಲ್ಲ, ಸೋಲಾರ್ ಬೇಲಿಯಿರಲಿಲ್ಲ, ರೈಲು ಕಂಬಿ ನೆಟ್ಟ ತಡೆಯಿರಲಿಲ್ಲ. ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದು ದನಗಳಿಗೂ ತಿಳಿಯುತ್ತಿರಲಿಲ್ಲ, ಜಿಂಕೆಗಳಿಗೂ ತಿಳಿಯುತ್ತಿರಲಿಲ್ಲ.

ಹೊತ್ತು ಮೂಡುವ ಮುಂಚೆ ಗಂಟೆ ಬಾರಿಸುತ್ತಿತ್ತು. ಕಣ್ಣುಜ್ಜುತ್ತ ಬಾವಿಕಟ್ಟೆಗೆ ಹೋದರೆ ದೊಡ್ಡ ಹುಡುಗರು ನೀರು ಸೇದಿ ಚಿಕ್ಕವರ ತಲೆಗೆ ಸುರಿಯುತ್ತಿದ್ದರು. ಚೈತ್ರ ವೈಶಾಖದಲ್ಲೂ ಆ ಹೊತ್ತಿನ ನೀರು ಹಲ್ಲು ಕಟಕಟಿಸುವಂತಿರುತ್ತಿತ್ತು. ಒದ್ದೆ ಪಂಚೆಯಲ್ಲೇ ಹಣೆಗೆ ವಿಭೂತಿ ಇಟ್ಟುಕೊಂಡು ಸಾಲಾಗಿ ಕೂರಬೇಕು. ಲಿಂಗ ಕಟ್ಟಿಸಿಕೊಂಡವರು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಬೇಕು, ಇಲ್ಲದವರು ಬರಿಯ ಅಂಗೈಯನ್ನೇ ನೋಡುತ್ತ ಕೂರಬೇಕು. "ಅಂಗೈ ನೋಡ್ಕಂಡು ಕೂತ್ಕ ಕೂಸ. ಮನಸು ಎತ್ತ ಓಡ್ತದ ಅಂತ ನೋಡು, ಅಷ್ಟೇಯ" ಎನ್ನುತ್ತಿದ್ದರು ಬುದ್ಧಿ. ಧ್ಯಾನ ಎಂಬ ಮಾತನ್ನು ಅವರು ನಮ್ಮ ಮುಂದೆ ಆಡಿದ ನೆನಪಿಲ್ಲ. ನನ್ನ ಮನಸ್ಸು ಓಡುತ್ತಿದ್ದುದು ಅಡುಗೆಮನೆಯ ಕಡೆಗೆ. ಹಾಗೆಂದು ಹೇಳಿದರೂ ಅವರು ಬೈಯುತ್ತಿರಲಿಲ್ಲ, ನಾಳೆಯೂ ನೋಡು ಎನ್ನುತ್ತಿದ್ದರು.

ಪೂಜೆ ಮುಗಿದ ಮೇಲೆ ಕಾಯಕ. ಕೊಟ್ಟಿಗೆ ಬಾಚುವುದು, ಸಗಣಿ ಸಾರಿಸುವುದು, ಸೌದೆ ಒಟ್ಟುವುದು. ಇವೆಲ್ಲಕ್ಕಿಂತ ದೊಡ್ಡ ಕೆಲಸ ರಾಗಿ ಬೀಸುವುದು. ಹೊಸದಾಗಿ ಬಂದ ಹುಡುಗನಿಗೆ ಮೊದಲು ಸಿಗುತ್ತಿದ್ದುದೇ ಆ ಕಲ್ಲು. ಮನೆಯಲ್ಲಿ ಅದು ಅವ್ವನ ಕೆಲಸ, ಅಕ್ಕನ ಕೆಲಸ. ಗಂಡುಹುಡುಗರು ಕಲ್ಲಿನ ಮುಂದೆ ಕೂರುವುದೆಂದರೆ ನಾಚಿಕೆ. ಮುಖ ಸಪ್ಪಗೆ ಮಾಡಿ ನಿಂತವನನ್ನು ಬುದ್ಧಿಯವರು ಹತ್ತಿರ ಕರೆದು ಮಾದಪ್ಪನ ಕತೆ ಹೇಳುತ್ತಿದ್ದರು. ಕಂಸಾಳೆಯವರ ಬಾಯಲ್ಲಿ ನಾವೆಲ್ಲ ಕೇಳಿದ್ದ ಕತೆಯೇ ಅದು: ಏಳು ಮಲೆಯ ಒಡೆಯನಾಗುವ ಮುಂಚೆ ಮಾದಪ್ಪ ಎಳೆಯ ವಯಸ್ಸಿನಲ್ಲಿ ಸುತ್ತೂರು ಮಠಕ್ಕೆ ಬಂದ, ಅಲ್ಲಿ ಅವನಿಗೆ ರಾಗಿ ಬೀಸುವ ಕೆಲಸ ಬಿತ್ತು, ಬೀಸಿದ, ಆಮೇಲೆ ಕುಂತೂರು ಮಠಕ್ಕೆ ಹೋದ. "ಮಾದಪ್ಪನ ಕೈಗೇ ಗೂಟ ಕೊಟ್ಟವ್ರ. ನಿಂದೇನ್ಲಾ ದೊಡ್ಡಸ್ತಿಕೆ?" ಎಂದು ಕೇಳಿದರೆ ನಾಚಿಕೆ ಎಲ್ಲೋ ಹೋಗಿ ಎದೆ ಉಬ್ಬುತ್ತಿತ್ತು.

ಕಲ್ಲಿಗೆ ಇಬ್ಬರು ಎದುರುಬದುರು ಕೂರಬೇಕು. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬ ಎಳೆದಾಗ ಇನ್ನೊಬ್ಬ ಬಿಡಬೇಕು, ಅವನು ಬಿಟ್ಟಾಗ ಇವನು ಎಳೆಯಬೇಕು. ಮೊದಮೊದಲು ಇಬ್ಬರೂ ಒಟ್ಟಿಗೆ ಎಳೆದು ಕಲ್ಲು ಗಕ್ಕನೆ ನಿಲ್ಲುತ್ತಿತ್ತು. ನನ್ನ ಜೊತೆಗೆ ಬಿದ್ದವನು ನಮ್ಮ ಮನೆಯವರಿಗೆ ಮಾತು ಬಿಟ್ಟ ಮನೆಯ ಹುಡುಗ. ಹೊಲದ ಬದುವಿನ ಜಗಳ, ಅಪ್ಪಂದಿರು ಎದುರಾದರೆ ಮುಖ ತಿರುಗಿಸುತ್ತಿದ್ದರು. ಬುದ್ಧಿಯವರು ತಿಳಿದೇ ನಮ್ಮಿಬ್ಬರನ್ನು ಒಂದು ಕಲ್ಲಿಗೆ ಕೂರಿಸಿದ್ದಿರಬೇಕು. ಒಂದು ಹಿಡಿ ರಾಗಿ ಬಾಯಿಗೆ ಹಾಕಿ, ತಿರುಗಿಸಿ, ಹಿಟ್ಟು ಅಂಚಿಗೆ ಬಂದು ಬೀಳುವಾಗ ಬರುವ ಆ ಬಿಸಿ ಬಿಸಿ ವಾಸನೆಗೆ ಇಬ್ಬರ ಮೂಗೂ ಒಟ್ಟಿಗೆ ಅರಳುತ್ತಿತ್ತು. ಕೈ ಹೊಂದಿಕೊಂಡ ಮೇಲೆ ಮಾತೂ ಹೊಂದಿಕೊಂಡಿತು. ಕ್ಷಮೆ, ಸಹನೆ ಎಂದೆಲ್ಲ ಆ ಮೇಲೆ ಎಷ್ಟೋ ಉಪನ್ಯಾಸ ಕೇಳಿದ್ದೇನೆ. ಯಾವುದೂ ಆ ಕಲ್ಲಿನಷ್ಟು ನೇರವಾಗಿ ಹೇಳಿಕೊಡಲಿಲ್ಲ.

ಊಟಕ್ಕೆ ರಾಗಿ ಹಿಟ್ಟು, ಕೆಲವು ದಿನ ಜೋಳದ ಹಿಟ್ಟು, ಅದಕ್ಕೆ ಹುರುಳಿಕಾಳಿನ ಸಾರೋ ಸೊಪ್ಪಿನ ಉಪ್ಪೆಸರೋ. ಅನ್ನ ಕಾಣುತ್ತಿದ್ದುದು ಸೋಮವಾರ ಮತ್ತು ಹಬ್ಬದಲ್ಲಿ. ಅದು ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ತಟ್ಟೆಗೆ ಸ್ವಲ್ಪ ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ಹೊಸಬರಿಗೆ ಹೇಸಿಗೆಯಾಗುತ್ತಿತ್ತು. ಬುದ್ಧಿಯವರು ಯಾರಿಗೂ ಒತ್ತಾಯ ಮಾಡುತ್ತಿರಲಿಲ್ಲ. ತಾವೇ ನಮ್ಮ ಸಾಲಿನಲ್ಲಿ ಕೂತು, ತಮ್ಮ ತಟ್ಟೆ ತೊಳೆದು ಕುಡಿದು, ಹೆಗಲ ವಸ್ತ್ರದಲ್ಲಿ ತುಟಿ ಒರೆಸಿಕೊಳ್ಳುತ್ತಿದ್ದರು. ನಾಲ್ಕಾರು ದಿನದಲ್ಲಿ ಎಲ್ಲರೂ ಕುಡಿಯುತ್ತಿದ್ದರು. ಆ ರಾಗಿ ಎಲ್ಲಿಂದ ಬಂತೆಂದು ನಮಗೆ ಗೊತ್ತಿತ್ತು. ಸುಗ್ಗಿಯಲ್ಲಿ ಬುದ್ಧಿಯವರು ಜೋಳಿಗೆ ಹಾಕಿ ಕೋರಣ್ಯಕ್ಕೆ ಹೊರಟರೆ ಕಣದಲ್ಲಿ ಒಕ್ಕುತ್ತಿದ್ದವರು ಕೈ ನಿಲ್ಲಿಸಿ ಮೊರ ತುಂಬಿ ತರುತ್ತಿದ್ದರು. ಎರಡು ಸೇರು ಬೆಳೆದವನೂ ಒಂದು ಬೊಗಸೆ ಹಾಕುತ್ತಿದ್ದ. ಹಾಗಾಗಿ ಮಠ ಯಾರೋ ಕಟ್ಟಿ ನಮಗೆ ಕೊಟ್ಟದ್ದು ಅನ್ನಿಸುತ್ತಲೇ ಇರಲಿಲ್ಲ. ಆ ತಟ್ಟೆಯಲ್ಲಿ ಇಡೀ ಊರಿನ ಹೊಲ ಇರುತ್ತಿತ್ತು.

ಕತ್ತಲಾದ ಮೇಲೆ ದೀಪ ಹಚ್ಚಿ ಒಂದಷ್ಟು ಹೊತ್ತು ಮೌನ. ಕರೆಂಟು ಇರಲಿಲ್ಲ. ಜಗುಲಿಯ ಗೂಡಿನಲ್ಲಿ ಒಂದು ಹಣತೆ, ಆಚೆಗೆ ಗವ್ವೆನ್ನುವ ಕತ್ತಲು, ಕತ್ತಲಿನಾಚೆ ಕಾಡು. ಒಂದು ರಾತ್ರಿ ಹಾಗೆ ಕೂತಿದ್ದಾಗ ಹಿತ್ತಿಲ ಕಡೆಯಿಂದ ಬಿದಿರು ಮುರಿಯುವ ಸದ್ದು ಬಂತು. ಲಟ್, ಲಟ್ ಅಂತ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟ ಸದ್ದು. ಎಲ್ಲರ ಎದೆ ಬಾಯಿಗೆ ಬಂತು. ಪಕ್ಕದಲ್ಲಿದ್ದ ಚಿಕ್ಕ ಹುಡುಗ ಅಳುತ್ತ ಬುದ್ಧಿಯವರ ತೊಡೆಗೆ ಅಂಟಿಕೊಂಡ. ಅವರು ದೀಪವನ್ನು ಆರಿಸಲೂ ಇಲ್ಲ, ಕೂಗಲೂ ಇಲ್ಲ. ಹುಡುಗನ ಬೆನ್ನು ಸವರುತ್ತ, "ಅದೂ ಹಸ್ಕಂಡು ಬಂದದ ಕಣ ಕೂಸ, ನಿನ್ನಂಗೇಯ. ಉಂಡ್ಕಂಡು ಹೋಯ್ತದ" ಅಂದರು. ಉಂಡುಕೊಂಡೇ ಹೋಯಿತು. ಬೆಳಿಗ್ಗೆ ಎದ್ದು ಬಿದಿರಿನ ಹಿಂಡಲಿನ ಹತ್ತಿರ ಮೊರದಗಲದ ಹೆಜ್ಜೆಗಳನ್ನು ನೋಡಿ ಬಂದೆವು. ಇವತ್ತಿಗೂ ಆನೆ ಊರಿಗೆ ಬಂತೆಂಬ ಸುದ್ದಿ ಓದಿದಾಗ ಬೆಳೆ ಕಳೆದುಕೊಂಡವನ ಸಂಕಟದ ಜೊತೆಗೆ ಆ ಮಾತೂ ನೆನಪಾಗುತ್ತದೆ. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳಲು ಆ ಜಗುಲಿ ನನಗೆ ಕಲಿಸಿತು.

ಸೋಮವಾರ ರಾತ್ರಿ ಭಜನೆ. ತಂಬೂರಿ, ದಮ್ಮಡಿ, ತಾಳ, ಊರಿನ ಒಬ್ಬರ ಹಾರ್ಮೋನಿಯಂ. ವಚನಗಳ ನಡುವೆ ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯ ಹಾಡುಗಳು ಬರುತ್ತಿದ್ದವು. ಅವರೇನು ದೂರದವರಲ್ಲ. ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದವರು, ರಾಜ್ಯ ಬಿಟ್ಟು ಗುಹೆ ಹಿಡಿದ ದೊರೆ ಎಂದು ಜನ ನಂಬಿದ್ದಾರೆ. ಮುಪ್ಪಿನ ಷಡಕ್ಷರಿಗಳೂ ಈ ಸೀಮೆಯವರೇ. ಏಳು ಮಲೆಗೆ ಹೋದರೆ ಮಾದಪ್ಪ. ಚಾಮರಾಜನಗರ ಸೀಮೆಯ ಯಾವ ಬೆಟ್ಟ ಹತ್ತಿದರೂ ಯಾರೋ ಒಬ್ಬರು ಅಲ್ಲಿ ಕೂತು ತಮ್ಮನ್ನು ತಾವು ಅರಿಯಲು ನೋಡಿದ ಗುರುತು ಸಿಗುತ್ತದೆ. ಓದು ಬರಹ ಬಾರದ ನಮ್ಮ ಅಜ್ಜಂದಿರಿಗೆ ಆ ಪದಗಳೆಲ್ಲ ಬಾಯಿಗೆ ಬರುತ್ತಿದ್ದವು. ಅರ್ಥ ಕೇಳಿದರೆ, "ಆಡ್ತಾ ಆಡ್ತಾ ತಿಳೀತದ" ಎನ್ನುತ್ತಿದ್ದರು. ನನಗೆ ಕೆಲವು ತಿಳಿಯಲು ಐವತ್ತು ವರ್ಷ ದಾಟಬೇಕಾಯಿತು.

ನಮ್ಮದು ಸಣ್ಣ ಮಠ. ಓದಿನಲ್ಲಿ ಚುರುಕಾದ ಹುಡುಗರನ್ನು ಬುದ್ಧಿಯವರು ಮೈಸೂರಿಗೆ ಕಳಿಸುತ್ತಿದ್ದರು, ಸುತ್ತೂರು ಮಠದ ಹಾಸ್ಟೆಲಿಗೆ. ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಹಳ್ಳಿಯ ಬಡ ಹುಡುಗರಿಗಾಗಿ ತೆರೆದ ಉಚಿತ ಪ್ರಸಾದನಿಲಯ ಅದು. 1954ರಲ್ಲಿ ಅವರೇ ಜೆಎಸ್ಎಸ್ ಮಹಾವಿದ್ಯಾಪೀಠ ಕಟ್ಟಿದರು. ಹಳೇ ಮೈಸೂರಿನ ಎಷ್ಟೋ ಮನೆಗಳ ಮೊದಲ ಮೇಷ್ಟರು, ಮೊದಲ ಇಂಜಿನಿಯರು ಆ ಅನ್ನ ಉಂಡು ಮೇಲೆ ಬಂದವರು. ರಾಜೇಂದ್ರ ಸ್ವಾಮಿಗಳ ಹೆಸರೆತ್ತಿದರೆ ನಮ್ಮ ಬುದ್ಧಿಯವರು ಕೂತಲ್ಲೇ ಕೈ ಮುಗಿಯುತ್ತಿದ್ದರು. 1986ರಲ್ಲಿ ಅವರು ಲಿಂಗೈಕ್ಯರಾದ ದಿನ ನಮ್ಮ ಕಾಡಂಚಿನ ಊರಿನಲ್ಲಿ ಕೂಡ ಒಲೆ ಉರಿಯಲಿಲ್ಲ. ಮೈಸೂರಿನಲ್ಲೇ ಇನ್ನೊಂದು ಕಡೆ, ರಾಮಕೃಷ್ಣಾಶ್ರಮದಲ್ಲಿ, ಸ್ವಾಮಿ ಸಿದ್ಧೇಶ್ವರಾನಂದರ ಆಶ್ರಯದಲ್ಲಿ ಕುವೆಂಪು ತಮ್ಮ ಯೌವನದ ವರ್ಷಗಳನ್ನು ಕಳೆದರು. ಒಬ್ಬ ಗುರುವಿನ ಮನೆಯಲ್ಲಿ ಉಂಡು, ಮಲಗಿ, ಅವನ ನಡೆ ನೋಡುತ್ತ ಬೆಳೆಯುವುದು ಕನ್ನಡದ ದೊಡ್ಡ ಕವಿಗೂ ಬೇಕಾಗಿತ್ತು, ಗುಂಡ್ಲುಪೇಟೆಯ ದನ ಕಾಯುವ ಹುಡುಗನಿಗೂ ಬೇಕಾಗಿತ್ತು. ಅದು ಇಬ್ಬರಿಗೂ ಸಿಗುತ್ತಿತ್ತು, ಅದೇ ಆ ಕಾಲದ ದೊಡ್ಡತನ.

ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಹೆಣ್ಣುಮಕ್ಕಳಿಗೆ ಆ ಜಗುಲಿ ಇರಲಿಲ್ಲ. ಸೋಮವಾರದ ಭಜನೆಗೆ ಬಂದು, ಕಂಬದ ಮರೆಯಲ್ಲಿ ಕೂತು ಕೇಳಿ, ಮಂಗಳಾರತಿಗೆ ಮುಂಚೆಯೇ ಎದ್ದು ಹೋಗುತ್ತಿದ್ದರು. ನನ್ನಕ್ಕನ ಕಂಠ ನನ್ನದಕ್ಕಿಂತ ಚೆನ್ನಾಗಿತ್ತು, ಅವಳನ್ನು ಯಾರೂ ಮಠಕ್ಕೆ ಬಿಡಲಿಲ್ಲ. ಊರಾಚೆಯ ಕೇರಿಯ ಹುಡುಗರನ್ನು ಬುದ್ಧಿಯವರು ನಮ್ಮ ಪಂಕ್ತಿಯಲ್ಲೇ ಕೂರಿಸಿದಾಗ ಕೆಲವು ಮನೆಯವರು ತಮ್ಮ ಮಕ್ಕಳನ್ನು ಬಂದು ಎಳೆದುಕೊಂಡು ಹೋದರು. ಬುದ್ಧಿಯವರು ಪಂಕ್ತಿಯನ್ನು ಬದಲಿಸಲಿಲ್ಲ. ಆ ವರ್ಷ ಕೋರಣ್ಯದಲ್ಲಿ ರಾಗಿ ಕಮ್ಮಿ ಬಿತ್ತು, ನಾವೂ ಅರೆಹೊಟ್ಟೆ ಉಂಡೆವು. ಎಲ್ಲ ಮಠಗಳಲ್ಲೂ ಅಂಥ ಧೈರ್ಯ ಇರಲಿಲ್ಲವೆಂಬುದೂ ನಿಜ. ಜ್ವರ ಬಂದರೆ ಕಷಾಯ ಬಿಟ್ಟರೆ ಬೇರೆ ಮದ್ದಿಲ್ಲ, ಗುಂಡ್ಲುಪೇಟೆ ಆಸ್ಪತ್ರೆಗೆ ಎತ್ತಿನ ಗಾಡಿಯೇ ಗತಿ.

ಈಗ ಊರಿಗೆ ಟಾರು ರಸ್ತೆಯಿದೆ, ಆಂಬುಲೆನ್ಸ್ ಬರುತ್ತದೆ, ಬೋರ್‌ವೆಲ್ಲಿನ ನೀರಿದೆ. ಹುರುಳಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಬಾಳೆ, ಅರಿಸಿನ, ಚೆಂಡುಹೂವು, ಸೂರ್ಯಕಾಂತಿ. ಹೂವು ಬಿಟ್ಟ ಕಾಲದಲ್ಲಿ ಊಟಿ ರಸ್ತೆಯ ಎರಡೂ ಬದಿ ಕಾರು ನಿಲ್ಲಿಸಿಕೊಂಡು ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಹೆಣ್ಣುಮಕ್ಕಳು ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುತ್ತಾರೆ. ನನ್ನಕ್ಕನ ಮೊಮ್ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಇದ್ಯಾವುದನ್ನೂ ವಾಪಸು ಕೊಡು ಎಂದು ಯಾರಾದರೂ ಕೇಳಿದರೆ ನಾನು ಕೊಡಲಾರೆ.

ಆದರೆ ಮಠದ ಜಗುಲಿ ಹೋಯಿತು. ಮಣ್ಣಿನ ಗೋಡೆ ಕೆಡವಿ ಆರ್‌ಸಿಸಿ ಕಟ್ಟಿದರು, ಮುಂದೆ ಕಲ್ಯಾಣ ಮಂಟಪ ಬಂತು. ಬುದ್ಧಿಯವರು ತೀರಿಹೋಗಿ ಬಹಳ ಕಾಲವಾಯಿತು. ಮದುವೆ ಇದ್ದ ದಿನ ಅಲ್ಲಿ ಜನ, ಇಲ್ಲದ ದಿನ ಬೀಗ. ಈಗಿನ ಮಕ್ಕಳಿಗೆ ಬೇಸಿಗೆ ರಜೆಯೆಂಬುದೇ ಇಲ್ಲ. ಟ್ಯೂಷನ್, ಕಂಪ್ಯೂಟರು, ಮುಂದಿನ ಕ್ಲಾಸಿನ ಪಾಠ ಈಗಲೇ. ಮೂರು ವರ್ಷದ ಮಗುವನ್ನು ಬೆಳಿಗ್ಗೆ ಏಳಕ್ಕೆ ಕಾನ್ವೆಂಟಿನ ಹಳದಿ ಬಸ್ಸಿಗೆ ಹತ್ತಿಸುವ ತಾಯಿಗೆ, ಅದನ್ನು ಒಂದು ತಿಂಗಳು ಸುಮ್ಮನೆ ಮಠದಲ್ಲಿ ಬಿಟ್ಟು ಬಾ ಎಂದರೆ ಅವಳು ನನ್ನ ಮುಖ ನೋಡಿಯಾಳು. ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿಯಾಳು. ಅಂಗೈ ನೋಡುತ್ತ ಕೂರುವುದನ್ನು ಕಲಿಸುತ್ತಾರೆ ಎಂದು ಹೇಗೆ ಹೇಳಲಿ?

ನಾವು ಬಿಟ್ಟದ್ದನ್ನು ಹುಡುಕಿಕೊಂಡು ಬೇರೆಯವರು ಇಲ್ಲಿಗೇ ಬರುತ್ತಿದ್ದಾರೆ. ಬಂಡೀಪುರದ ಸುತ್ತ ಎದ್ದಿರುವ ರೆಸಾರ್ಟುಗಳ ಫಲಕಗಳಲ್ಲಿ ಈಗ ಸಫಾರಿಯ ಜೊತೆಗೆ ಯೋಗ, ಧ್ಯಾನ, ರಿಟ್ರೀಟ್ ಎಂದು ಬರೆದಿರುವುದು ಕಾಣುತ್ತದೆ. ಬೆಂಗಳೂರಿನಿಂದ ಹುಡುಗ ಹುಡುಗಿಯರು ಬಂದು, ಫೋನು ತೆಗೆದಿಟ್ಟು, ಕಣ್ಣು ಮುಚ್ಚಿ ಕೂತು, ಸಿರಿಧಾನ್ಯದ ಊಟ ಮಾಡಿ ಹೋಗುತ್ತಾರೆ. ಅವರನ್ನು ನಾನು ಹಗುರವಾಗಿ ಕಾಣಲಾರೆ. ಹಗಲೂ ರಾತ್ರಿ ದುಡಿದು ನಿದ್ದೆಗೆಟ್ಟ ಮಕ್ಕಳು ಅವರು, ಒಂದು ಗಳಿಗೆ ನೆಮ್ಮದಿ ಹುಡುಕುವುದು ತಪ್ಪಲ್ಲ. ನನ್ನ ಸಂಕಟ ಬೇರೆ. ನಮ್ಮೂರಿನ ಹುಡುಗನೊಬ್ಬ ಅಂಥ ಕಡೆ ಕೆಲಸಕ್ಕಿದ್ದಾನೆ. ಬೆಳಗಿನ ಜಾವ ಎದ್ದು, ಹುಲ್ಲಿನ ಮೇಲೆ ಸಾಲಾಗಿ ಚಾಪೆ ಹಾಸುವುದು ಅವನ ಕೆಲಸ. ಹಾಸಿ, ಬಿಸಿನೀರು ಇಟ್ಟು, ಆಚೆಗೆ ಬಂದು ನಿಲ್ಲುತ್ತಾನೆ. ಅವನ ತಾತ ನಮ್ಮ ಮಠದ ಭಜನೆಯಲ್ಲಿ ತಂಬೂರಿ ಹಿಡಿಯುತ್ತಿದ್ದರು. ಆ ಚಾಪೆಯ ಮೇಲೆ ತಾನೂ ಕೂರಬಹುದು, ಅದು ತನ್ನ ಮನೆಯ ಆಸ್ತಿ ಎಂದು ಅವನಿಗೆ ಹೇಳಿದವರು ಯಾರೂ ಇಲ್ಲ.

2009ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರ ನಿಲ್ಲಿಸಿದರು. ಲಾರಿ ಕಾರುಗಳಿಗೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಆನೆಮರಿಗಳ ಪಾಲಿಗೆ ಅದು ದೊಡ್ಡ ಉಪಕಾರ. ಅದನ್ನು ತೆಗೆಯಬೇಕೆಂಬ ಮಾತು ಎದ್ದಾಗಲೆಲ್ಲ ನನಗೆ ಭಯವಾಗುತ್ತದೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ವಾಹನ ಬಿಡುವುದಿಲ್ಲ, ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಬೇಕು. ಕಾಡಿಗೆ ಕಾನೂನು ಅದರ ರಾತ್ರಿಯನ್ನು ವಾಪಸು ಕೊಟ್ಟಿತು. ಊರಿಗೆ ಕೊಡುವವರು ಯಾರೂ ಬರಲಿಲ್ಲ. ಕತ್ತಲಾದ ಮೇಲೆ ಪ್ರತಿ ಮನೆಯಲ್ಲೂ ಟಿವಿ, ಪ್ರತಿ ಕೈಯಲ್ಲೂ ಫೋನು, ಮಠದ ಮೈಕಿನಲ್ಲಿ ಧ್ವನಿಮುದ್ರಿಕೆಯ ಭಜನೆ. ಹಾಡುವವರು ಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. ಸುತ್ತೂರು ಜಾತ್ರೆಯಲ್ಲಿ ಭಜನಾ ಮೇಳ ನಡೆಸುತ್ತಾರೆ, ಎಲ್ಲೆಲ್ಲಿಂದಲೋ ತಂಡಗಳು ಬರುತ್ತವೆ. ನೋಡಿದರೆ ಕಣ್ಣು ತುಂಬುತ್ತದೆ. ನಮ್ಮೂರಿನಿಂದ ತಂಡ ಹೋಗಿ ಬಹಳ ವರ್ಷಗಳಾದವು. ದಮ್ಮಡಿ ಬಡಿಯುವವರು ತೀರಿಕೊಂಡರು, ಕಲಿತವರಿಲ್ಲ.

ಕಲ್ಲಿನ ಮುಂದೆ ನನ್ನೆದುರು ಕೂರುತ್ತಿದ್ದವನು ಈಗ ಗುಂಡ್ಲುಪೇಟೆಯಲ್ಲಿ ಬಾಳೆಕಾಯಿ ಮಂಡಿ ಇಟ್ಟಿದ್ದಾನೆ. ಬದುವಿನ ಜಗಳ ನಮ್ಮ ತಲೆಗೆ ಮುಗಿಯಿತು. ಅಪ್ಪಂದಿರ ಹಟ ನಮಗೆ ಬರಲಿಲ್ಲ. ಹೋದ ಸಲ ಸಿಕ್ಕಾಗ, ಮಠದಲ್ಲಿ ಕಲಿತದ್ದು ಏನಾದರೂ ಉಳಿಸಿಕೊಂಡಿದ್ದೀಯೇನೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ತಟ್ಟ ತೊಳ್ದು ಕುಡಿಯದು ಒಂದ ಬಿಟ್ಟಿರ್ನಿಲ್ಲ ಕಣಣ್ಣ. ಸೊಸೆ ಬಂದ ಮ್ಯಾಲ, ಮಕ್ಕಳ ಎದುರ್ಗ ಹಂಗ ಮಾಡ್ಬ್ಯಾಡಿ ಮಾವ ಅಂದ್ಲು. ಅವಳ್ದೂ ತಪ್ಪಲ್ಲ ಅನ್ನು. ಈಗ ಮಂಡಿಲಿ ಒಬ್ಬನೇ ಉಣ್ಣೋವಾಗ ಮಾತ್ರ ಕುಡೀತೀನಿ" ಅಂದ.

ಯಾಕೆ ಕುಡಿಯುತ್ತೀಯ ಅಂತ ಮೊಮ್ಮಕ್ಕಳಿಗೆ ಹೇಳಬಾರದಿತ್ತೇ ಅಂದೆ.

"ಕೇಳುದ್ರ ಹೇಳ್ದೆ ಇದ್ದೀನಾ? ಅವು ಕೇಳ್ನಿಲ್ವಲ್ಲ ಕಣಣ್ಣ."